ಕಿವಿಯೊಳಗಿನ ಗದ್ದಲ

ರಾಣೆಬೆನ್ನೂರಿನ ಆ ಕಿವಿ ಡಾಕ್ಟರಮ್ಮನಿಗೆ ಮೆಲ್ಲಗೆ ಮಾತಾಡಿ ಗೊತ್ತೇ ಇರಲಿಲ್ಲ. ಯಾರ ಕಿವಿಯೊಳಗೆ ಇಣುಕಿದರೂ ಹುಬ್ಬೇರಿಸಿ, "ಒಳಗ ದೊಡ್ಡ ಗದ್ದಲ ನಡದೈತಿ ನೋಡ್ರಿ!" ಎನ್ನುತ್ತಿದ್ದರು, ಕ್ರಿಕೆಟ್ ನೋಡುವವರ ಹುರುಪಿನಲ್ಲಿ.

ಒಮ್ಮೆ ನನ್ನ ಪುಟ್ಟ ಮಗಳಿಗೆ ವಿಪರೀತ ಜ್ವರ, ಕಿವಿನೋವು. ಕರೆದರೂ ತಿರುಗುತ್ತಿರಲಿಲ್ಲ. ನಮ್ಮೂರು ಮೇಡ್ಲೇರಿಯಿಂದ ಬಸ್ಸಿನಲ್ಲಿ ಡಾಕ್ಟರಮ್ಮನ ಬಳಿ ಎತ್ತಿಕೊಂಡು ಬಂದೆ.

"ಕಿವುಡಿ ಆಗ್ತಾಳೇನ್ರಿ?" ಎಂದು ಅತ್ತೇಬಿಟ್ಟೆ.

"ಅಳಬ್ಯಾಡ್ರೆವಾ, ನೀವ ನೋಡ್ರಿ" ಎಂದು ಕಿವಿಯೊಳಗೆ ನೋಡುವ ದೀಪದ ಕೊಳವೆಯನ್ನು ನನ್ನ ಕೈಗೇ ಕೊಟ್ಟರು. ಕಿವಿಯ ತಮಟೆ ಕೆಂಪಗೆ ಉಬ್ಬಿತ್ತು.

"ರೋಗಾಣು ಬಂದದ್ದನ್ನ ಒಳಗಿನ ಜೀವಕಣ ಗುರುತು ಹಿಡದು ಕೂಗ್ಯಾವ. ಕೂಗು ಕೇಳಿ ರಕ್ತದಾಗಿನ ಕಾವಲು ಕಣ ಓಡಿ ಬಂದಾವ. ಯಾರೂ ಕಲಿಸಿಲ್ರೀ, ಹುಟ್ಟುತ್ಲೇ ಬಂದ ಬುದ್ಧಿ! ಕಾದಾಡಿ ಸತ್ತವು ಕೀವಾಗ್ಯಾವ. ಆ ಕೀವಿಗೆ ಹೊರಗ ಹೋಗಾಕ ದಾರಿ ಇಲ್ಲ. ನಾವು ಮಾಡಿಕೊಡೂಣು."

ಅಂದೇ ಮಗುವಿಗೆ ಅರಿವಳಿಕೆ ಕೊಟ್ಟು, ತಮಟೆಗೆ ಸಣ್ಣ ತೂತು ಮಾಡಿ ಕೀವು ತೆಗೆದರು. ಔಷಧಿ ಬರೆದುಕೊಟ್ಟರು.

ಕೆಲವು ವಾರಗಳ ನಂತರ ತೋರಿಸಲು ಹೋದೆವು. ಡಾಕ್ಟರಮ್ಮ ಸದ್ದಿಲ್ಲದೆ ಮಗಳ ಬೆನ್ನ ಹಿಂದೆ ಹೋಗಿ ನಿಂತು, ಪಿಸುಗುಟ್ಟಿದರು: "ಪೇಢೆ ಬೇಕೇನವಾ?"

ಮಗಳು ಗಕ್ಕನೆ ತಿರುಗಿದಳು.

"ಎರಡು ಬೇಕು!"

ಡಾಕ್ಟರಮ್ಮ ಬಾಗಿಲು ತೆರೆದು, ಹೊರಗೆ ಸಾಲಾಗಿ ಕುಳಿತ ಅಪರಿಚಿತರಿಗೆಲ್ಲ ಕೂಗಿ ಹೇಳಿದರು: "ಕೇಳಿಸ್ತರೀ, ಹುಡುಗಿಗೆ ಕೇಳಿಸ್ತು!"