ಟವೆಲ್ಲಿನಲ್ಲಿ ಸುತ್ತಿದ ಎರಡು ಡಿಸ್ಕ್

ಕಳೆದ ವಾರ ನಮ್ಮ ಕಾರ್ಖಾನೆಯ ಹಳೆಯ ಸರ್ವರನ್ನು ಗುಜರಿಗೆ ಕಳಿಸುವ ಮೊದಲು ಅದರ ಡಿಸ್ಕುಗಳನ್ನು ಹೊರಗೆಳೆಯುತ್ತಿದ್ದೆ. ಒಂದು ಟ್ರೇಯ ಸಂದಿಯಲ್ಲಿ ಬೆರಳಿಗೆ ಏನೋ ಪುಡಿ ಹತ್ತಿತು. ತುಕ್ಕಿರಬೇಕು ಎಂದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರೆ ಕುಂಕುಮ! ಒಣಗಿ ಕಪ್ಪಿಟ್ಟಿತ್ತು, ಆದರೂ ಕುಂಕುಮವೇ. ಮೂಸಿ ನೋಡಿದೆ. ಗಂಧದ ವಾಸನೆಯೂ ಇದೆ ಎನ್ನಿಸಿತು, ನನ್ನ ಭ್ರಮೆಯೂ ಇರಬಹುದು... ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಹನ್ನೊಂದು ವರ್ಷದ ಹಿಂದಿನ ಒಂದು ವಿಜಯದಶಮಿ, ಮತ್ತು ನಾವೆಲ್ಲ ‘ಕರೆಂಟಣ್ಣ’ ಎಂದು ಕರೆಯುತ್ತಿದ್ದ ನಮ್ಮ ಎಲೆಕ್ಟ್ರಿಷಿಯನ್, ಎರಡೂ ಒಟ್ಟಿಗೆ ನೆನಪಾದವು.

ನಮ್ಮದು ಕಡಕೊಳದಲ್ಲಿರುವ ಒಂದು ಸಾಧಾರಣ ಕಾರ್ಖಾನೆ. ತಗಡನ್ನು ಒತ್ತಿ ಬಿಡಿಭಾಗ ಮಾಡುವ ಅಚ್ಚುಗಳನ್ನು ತಯಾರಿಸುತ್ತೇವೆ. ನಾನು ಸೇರಿದಾಗ ಕಂಪ್ಯೂಟರ್ ವಿಭಾಗವೆಂದರೆ ನಾನೊಬ್ಬಳೇ. ವಯಸ್ಸು ಇಪ್ಪತ್ನಾಲ್ಕು, ಜಂಬ ನಲವತ್ತೆಂಟಕ್ಕಾಗುವಷ್ಟು. ಸರ್ವರಿನಲ್ಲಿದ್ದ ಹಳೆಯ ಆಪರೇಟಿಂಗ್ ಸಿಸ್ಟಮ್ ವಾರಕ್ಕೆರಡು ಸಲ ನಿಂತುಹೋಗುತ್ತಿತ್ತು. ಅದನ್ನು ತಯಾರಿಸಿದವರೇ ಅದರ ಕೈಬಿಟ್ಟಿದ್ದರು. ಅದನ್ನು ತೆಗೆದು ಲಿನಕ್ಸ್ ಹಾಕೋಣ ಸಾರ್, ಎಂದು ನಮ್ಮ ಯಜಮಾನರ ಬೆನ್ನು ಹತ್ತಿದೆ. ಆರು ತಿಂಗಳು ಅವರ ತಲೆ ತಿಂದ ಮೇಲೆ, ‘ಹಾಕಮ್ಮ, ಆದರೆ ನನ್ನ ಡ್ರಾಯಿಂಗ್‌ಗಳು ಹೋಗಬಾರದು’ ಎಂದು ಒಪ್ಪಿದರು.

ಆ ಡ್ರಾಯಿಂಗ್‌ಗಳೇ ಕಾರ್ಖಾನೆ. ಅವರ ತಂದೆ ಕೈಯಲ್ಲಿ ಬರೆದು ಆಮೇಲೆ ಸ್ಕ್ಯಾನ್ ಮಾಡಿದವುಗಳಿಂದ ಹಿಡಿದು ಹೊಸದಾಗಿ ಕಂಪ್ಯೂಟರಿನಲ್ಲಿ ಬಿಡಿಸಿದವುಗಳವರೆಗೆ, ಇದುವರೆಗೆ ಮಾಡಿದ ಅಷ್ಟೂ ಅಚ್ಚುಗಳ ನಕ್ಷೆ ಆ ಒಂದು ಸರ್ವರಿನಲ್ಲಿತ್ತು. ಅಚ್ಚು ಸವೆದು ರಿಪೇರಿಗೆ ಬಂದರೆ ಅದರ ನಕ್ಷೆ ತೆರೆದು ನೋಡದೆ ಯಾರೂ ಉಳಿ ಮುಟ್ಟುತ್ತಿರಲಿಲ್ಲ. ಸರ್ವರಿನ ಮುಂಭಾಗದಲ್ಲಿ ನಾಲ್ಕು ಡಿಸ್ಕ್, ಒಂದೇ ಕಂಪನಿಯವು, ಒಂದೇ ಅಳತೆಯವು. ಮೊದಲೆರಡರಲ್ಲಿ ಆಪರೇಟಿಂಗ್ ಸಿಸ್ಟಮ್, ಕೊನೆಯೆರಡರಲ್ಲಿ ಡ್ರಾಯಿಂಗ್, ಜೋಡಿಯ ಒಂದರಲ್ಲಿದ್ದದ್ದೇ ಇನ್ನೊಂದರಲ್ಲೂ. ಮೊದಲೆರಡನ್ನು ಅಳಿಸಿ ಲಿನಕ್ಸ್ ಹಾಕಬೇಕು, ಕೊನೆಯೆರಡನ್ನು ಮುಟ್ಟಬಾರದು. ಕೆಲಸ ಇಷ್ಟೇ.

ಆಯುಧಪೂಜೆಯ ದಿನ ಎಲ್ಲ ಯಂತ್ರಗಳನ್ನೂ ನಿಲ್ಲಿಸಿ ಪೂಜೆ ಮಾಡುವುದು, ಮಾರನೆಯ ದಿನ ರಜೆ. ಸರ್ವರ್ ಹೇಗೂ ನಿಂತಿರುತ್ತದೆ, ಆ ರಜೆಯ ದಿನವೇ ಲಿನಕ್ಸ್ ಹಾಕುವುದೆಂದು ನಾನು ಲೆಕ್ಕ ಹಾಕಿದೆ. ಪೂಜೆಯ ದಿನ ಎಲ್ಲರೂ ತಮ್ಮ ತಮ್ಮ ಯಂತ್ರ ಒರೆಸಿ ಕುಂಕುಮವಿಡುತ್ತಿದ್ದರು. ನನ್ನ ಸರ್ವರೇನು ಕಡಿಮೆಯೇ? ನಾಲ್ಕೂ ಡಿಸ್ಕ್ ಹೊರಗೆಳೆದು, ಧೂಳು ಒರೆಸಿ, ಕರೆಂಟಣ್ಣ ಹಿಡಿದಿದ್ದ ತಟ್ಟೆಯಲ್ಲಿ ಒಂದರ ಮೇಲೊಂದು ಪೇರಿಸಿದೆ. ಗಂಧ, ಕುಂಕುಮ, ಸೇವಂತಿಗೆ ಹೂವು, ಮಂಗಳಾರತಿ ಎಲ್ಲವೂ ಆಯಿತು. ಆಮೇಲೆ ಒಂದೊಂದಾಗಿ ಎತ್ತಿ ವಾಪಸ್ ತಳ್ಳಿದೆ. ಫೋಟೋ ತೆಗೆದು ಗೆಳತಿಯರಿಗೆಲ್ಲ ಕಳಿಸಿದೆ.

ಕರೆಂಟಣ್ಣನ ಬಗ್ಗೆ ಹೇಳಲೇಬೇಕು. ಐವತ್ತೈದು ದಾಟಿದ್ದ ಸಣಕಲು ಮನುಷ್ಯ, ಹತ್ತಿರದ ಹಳ್ಳಿಯವರು, ಮನೆಯಲ್ಲಿ ಒಂದಿಷ್ಟು ಹೊಲವೂ ಇತ್ತು. ಹೆಗಲ ಮೇಲೆ ಸದಾ ಒಂದು ಟವೆಲ್. ಯಾವ ಮೋಟಾರ್ ಬಿಚ್ಚುವ ಮುಂಚೆಯೂ ಅದರ ಫ್ಯೂಸ್ ಕಿತ್ತು ಪ್ಯಾಂಟಿನ ಜೇಬಿಗೆ ಹಾಕಿಕೊಳ್ಳುತ್ತಿದ್ದರು, ತಾವು ಮೇಲೆ ಕೆಲಸ ಮಾಡುವಾಗ ಕೆಳಗೆ ಯಾರೂ ಸ್ವಿಚ್ ಒತ್ತದಿರಲೆಂದು. ಅವರು ನಡೆದರೆ ಜೇಬು ಕಟಕಟ ಎನ್ನುತ್ತಿತ್ತು. ಆಮೇಲೂ ಟೆಸ್ಟರ್ ಇಟ್ಟು ನೋಡಿಯೇ ಮುಟ್ಟುತ್ತಿದ್ದರು. ಫ್ಯೂಸ್ ನಿಮ್ಮ ಜೇಬಿನಲ್ಲೇ ಇದೆಯಲ್ಲಣ್ಣ, ಮತ್ಯಾಕೆ ಟೆಸ್ಟರ್, ಎಂದು ನಾನೊಮ್ಮೆ ಛೇಡಿಸಿದ್ದೆ.

“ಜೇಬಲ್ಲಿರೋದು ಇದರ್ದೇ ಫ್ಯೂಸು ಅಂತ ಯಾರ್ ಕಂಡವ್ರೆ ಕಣವ್ವ?” ಎಂದಿದ್ದರು.

ವಿಜಯದಶಮಿಯ ಬೆಳಿಗ್ಗೆ ನಾನು ಅಶೋಕಪುರಂ ಸ್ಟೇಷನ್ನಿನಲ್ಲಿ ರೈಲು ಹತ್ತಿದೆ. ಊರಿನವರೆಲ್ಲ ಜಂಬೂಸವಾರಿ ನೋಡಲು ಅರಮನೆಯ ಕಡೆ ಹೊರಟಿದ್ದರು, ನಾನು ಎದುರು ದಿಕ್ಕಿಗೆ. ಅಮ್ಮ ಬೈದು ಕಳಿಸಿದ್ದರು. ನನಗೋ ಹಬ್ಬವೆಂದರೆ ಬ್ಯಾಗಿನಲ್ಲಿದ್ದ ಆ ಪುಟ್ಟ ಪೆನ್ ಡ್ರೈವ್. ಇಡೀ ಲಿನಕ್ಸ್ ಅದರೊಳಗಿತ್ತು! ಮನೆಯ ಲ್ಯಾಪ್‌ಟಾಪಿನಲ್ಲಿ ಹತ್ತು ಸಲ ಹಾಕಿ ಅಭ್ಯಾಸ ಮಾಡಿದ್ದೆ. ಆದರೆ ನಿಜವಾದ ಸರ್ವರ್, ನಿಜವಾದ ಕಾರ್ಖಾನೆ, ನೋಡಿಕೊಳ್ಳುವವರು ಯಾರೂ ಇಲ್ಲ... ರೈಲಿನಲ್ಲಿ ಕೂರಲಾಗದೆ ಕಡಕೊಳದವರೆಗೂ ಬಾಗಿಲ ಹತ್ತಿರವೇ ನಿಂತಿದ್ದೆ.

ಕರೆಂಟಣ್ಣ ನನಗಿಂತ ಮೊದಲೇ ಬಂದಿದ್ದರು. ನಡುವೆ ಕರೆಂಟ್ ಹೋದರೆ ಜನರೇಟರ್ ನೋಡಿಕೊಳ್ಳಲು ಯಜಮಾನರು ಅವರನ್ನು ಬರಹೇಳಿದ್ದರು. ಹೆಂಡತಿಯನ್ನು ಜಂಬೂಸವಾರಿಗೆ ಕರೆದುಕೊಂಡು ಹೋಗುತ್ತೇನೆಂದು ಮಾತು ಕೊಟ್ಟು ತಪ್ಪಿಸಿಕೊಂಡು ಬಂದಿದ್ದರಂತೆ. ‘ಮನೇಲಿ ಈಗ ಬೇರೆ ಮೆರವಣಿಗೆ ನಡೀತೈತೆ’ ಎಂದು ನಕ್ಕರು.

ಮೊದಲು ಬ್ಯಾಕಪ್ ನೋಡೋಣವೆಂದು, ಡ್ರಾಯಿಂಗ್‌ಗಳ ಪ್ರತಿ ಇಟ್ಟಿದ್ದ ಹೊರಗಿನ ಡಿಸ್ಕನ್ನು ಲ್ಯಾಪ್‌ಟಾಪಿಗೆ ಜೋಡಿಸಿದೆ. ಅದು ಟಿಕ್ ಟಿಕ್ ಎಂದು ಸದ್ದು ಮಾಡಿ ಸುಮ್ಮನಾಯಿತು. ಮತ್ತೆ ಜೋಡಿಸಿದೆ. ಮತ್ತೆ ಟಿಕ್ ಟಿಕ್. ಪ್ರತಿ ಸತ್ತುಹೋಗಿತ್ತು. ಬುದ್ಧಿ ಇದ್ದವಳು ಅಲ್ಲಿಗೆ ನಿಲ್ಲಿಸಿ ಯಜಮಾನರಿಗೆ ಫೋನ್ ಮಾಡುತ್ತಿದ್ದಳು. ನಾನು ಮಾಡಲಿಲ್ಲ. ಮಾಡಿದರೆ ‘ಬೇಡ, ಮುಂದೆ ನೋಡೋಣ’ ಎನ್ನುತ್ತಾರೆಂದು ಗೊತ್ತಿತ್ತು. ಆರು ತಿಂಗಳ ಆಸೆ ನೀರುಪಾಲು. ಡ್ರಾಯಿಂಗ್ ಇರುವ ಡಿಸ್ಕ್ ಮುಟ್ಟುವುದೇ ಇಲ್ಲವಲ್ಲ, ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಪೆನ್ ಡ್ರೈವ್ ಚುಚ್ಚಿದೆ.

ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ದಡದಡನೆ ಓಡಿದವು. ಆಹಾ! ಸರ್ವರಿನ ಫ್ಯಾನುಗಳು ಭರ್ರೆಂದು ಕೂಗಿ ತಣ್ಣಗಾದವು. ಭಾಷೆ ಕೇಳಿತು, ಕೊಟ್ಟೆ. ಊರಿನ ಸಮಯ ಕೇಳಿತು, ಕೊಟ್ಟೆ. ಒಂದೊಂದನ್ನೂ ಕರೆಂಟಣ್ಣನಿಗೆ ಕ್ರಿಕೆಟ್ ಕಾಮೆಂಟರಿಯ ಹಾಗೆ ಹೇಳುತ್ತಿದ್ದೆ. ಕೊನೆಗೆ, ಯಾವ ಡಿಸ್ಕಿಗೆ ಹಾಕಲಿ ಎಂದು ಕೇಳಿ ನಾಲ್ಕರ ಪಟ್ಟಿ ತೋರಿಸಿತು. ನಾಲ್ಕೂ ಒಂದೇ ಅಳತೆ. ಮೊದಲೆರಡಕ್ಕೆ ಗುರುತು ಹಾಕಿದೆ. ‘ಈ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ?’ ಎಂದಿತು.

“ಒಸಿ ತಡಿಯವ್ವ,” ಎಂದರು ಕರೆಂಟಣ್ಣ. “ನೆನ್ನೆ ಪೂಜೆಗೆ ಈಚೆ ತಗ್ದಿದ್ಯಲ್ಲ. ಎಂಗಿದ್ವೋ ಅಂಗೇ ಹಾಕಿದ್ಯಾ?”

“ಹೂಂ ಅಣ್ಣ, ಅದರಲ್ಲೇನಿದೆ?”

“ಏನೈತೋ ನಂಗೊತ್ತಿಲ್ಲ. ಟೆಸ್ಟರ್ ಇಕ್ಕಿ ನೋಡ್ಬುಡು.”

ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಮೋಟಾರ್ ಬಿಚ್ಚುವವರು ನನಗೆ ಲಿನಕ್ಸ್ ಹೇಳಿಕೊಡುವುದೇ? ಡಿಸ್ಕಿಗೆಲ್ಲ ಟೆಸ್ಟರ್ ಇಡೋಕಾಗಲ್ಲ ಅಣ್ಣ, ಎಂದೆ. ಅವರು ಜಗ್ಗಲಿಲ್ಲ. ಅದರೊಳಗೆ ಏನೈತೆ ಅಂತ ಅದರ ಬಾಯಲ್ಲೇ ಏಳ್ಸೋಕಾಗಲ್ವಾ, ಎಂದು ಕೇಳಿದರು. ಆಗುತ್ತಿತ್ತು. ಎರಡು ನಿಮಿಷದ ಕೆಲಸ. ಅವರ ಬಾಯಿ ಮುಚ್ಚಿಸಲೆಂದೇ, ಅಳಿಸದೆ ಓದಲು ಮಾತ್ರ ಬರುವ ಹಾಗೆ ಮೊದಲನೆಯ ಡಿಸ್ಕ್ ತೆರೆದು ಒಳಗಿನ ಪಟ್ಟಿ ಕೇಳಿದೆ.

ಪರದೆ ತುಂಬ ಅಚ್ಚುಗಳ ಹೆಸರು. ವಾಷರ್ ಅಚ್ಚು, ಕ್ಲಚ್ ಪ್ಲೇಟಿನ ಅಚ್ಚು, ಬೀಗದ ಪಟ್ಟಿಯ ಅಚ್ಚು, ಯಜಮಾನರ ತಂದೆಯ ಕಾಲದ ಹಿತ್ತಾಳೆ ಬಿರಡೆಯ ಅಚ್ಚು... ಸಾಲು ಮುಗಿಯುತ್ತಲೇ ಇರಲಿಲ್ಲ. ಎರಡನೆಯ ಡಿಸ್ಕ್ ತೆರೆದೆ. ಅದರಲ್ಲೂ ಅವೇ. ಹಿಂದಿನ ದಿನ ನಾನು ಒಂದರ ಮೇಲೊಂದು ಪೇರಿಸಿದ್ದನ್ನು ಮೇಲಿನಿಂದ ತೆಗೆದು ಮೊದಲ ಜಾಗದಿಂದ ತುಂಬಿಕೊಂಡು ಬಂದಿದ್ದೆ. ಹಾಗೆ ಮಾಡಿದರೆ ಕೊನೆಯವು ಮೊದಲಾಗುತ್ತವೆ ಎನ್ನುವುದು ಒಂದನೇ ಕ್ಲಾಸಿನ ಮಗುವಿಗೂ ಹೊಳೆಯುತ್ತಿತ್ತು! ಒಂದು ಗುಂಡಿ ಒತ್ತಿದ್ದರೆ ಕಾರ್ಖಾನೆಯ ಅಷ್ಟೂ ಡ್ರಾಯಿಂಗ್ ಹೋಗುತ್ತಿತ್ತು. ಪ್ರತಿಯೂ ಇರಲಿಲ್ಲ. ನಾನು ನೆಲದ ಮೇಲೆ ಕೂತುಬಿಟ್ಟೆ.

ಕರೆಂಟಣ್ಣ ಬೈಯಲಿಲ್ಲ. ‘ನಾನ್ ಏಳಿರ್ಲಿಲ್ವಾ’ ಎನ್ನಲೂ ಇಲ್ಲ. ತಮ್ಮ ಬಾಟಲಿಯಿಂದ ನೀರು ಕೊಟ್ಟರು. ಈಗ ಫ್ಯೂಸ್ ಕೀಳಾನ, ಎಂದರು. ಅಂದರೆ ಉಳಿಯಬೇಕಾದ ಡಿಸ್ಕುಗಳು ಯಂತ್ರದಲ್ಲೇ ಇರಬಾರದು. ನಾನು ಒಂದೊಂದೇ ಡಿಸ್ಕನ್ನು ಓದಿಸಿದೆ, ಅವರು ಸರ್ವರಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಯಾವುದರ ದೀಪ ಮಿಣುಕುತ್ತದೆ ಎಂದು ನೋಡಿ ಕೂಗಿದರು. ನಾನು ಅದನ್ನೇ ತಿರುಗಿ ಕೂಗಬೇಕು, ಅದು ಅವರ ನಿಯಮ. ಪ್ರತಿಯೊಂದಕ್ಕೂ ಮೂರು ಸಲ. ಖಾಲಿ ಕಾರ್ಖಾನೆಯಲ್ಲಿ ನಾವಿಬ್ಬರೇ ಒಂದನೇದು, ಎರಡನೇದು ಎಂದು ಕಿರುಚಿಕೊಳ್ಳುತ್ತಿದ್ದೆವು. ಗೇಟಿನ ವಾಚ್‌ಮನ್ ಏನಾಯಿತೋ ಎಂದು ಓಡಿಬಂದ.

ಸರ್ವರ್ ಆರಿಸಿ ಆ ಎರಡು ಡಿಸ್ಕ್ ಹೊರಗೆಳೆದೆ. ಕರೆಂಟಣ್ಣ ಹೆಗಲ ಟವೆಲ್ ತೆಗೆದು ಅವುಗಳನ್ನು ಸುತ್ತಿಕೊಂಡರು. ಕುರ್ಚಿಯ ಮೇಲೆ ಕೂತು, ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದುಕೊಂಡರು. ‘ಈಗ ಅದೇನ್ ಅಳಿಸ್ತೀಯೋ ಅಳಿಸವ್ವ’ ಎಂದರು.

ಅಳಿಸಿದೆ! ಪಟ್ಟಿಯಲ್ಲಿ ಈಗ ಎರಡೇ ಡಿಸ್ಕ್, ತಪ್ಪು ಮಾಡಬೇಕೆಂದರೂ ದಾರಿಯಿರಲಿಲ್ಲ. ಶೇಕಡಾ ಹತ್ತು, ಇಪ್ಪತ್ತು, ನಲವತ್ತು... ನಾನು ಕೂಗುತ್ತಿದ್ದೆ, ಅವರು ತಲೆಯಾಡಿಸುತ್ತಿದ್ದರು. ಅರವತ್ತರ ಹತ್ತಿರ ಕರೆಂಟ್ ಹೋಯಿತು. ಯುಪಿಎಸ್ ಕುಯ್ಯೆಂದಿತು. ಅವರು ಗಂಟನ್ನು ಕಂಕುಳಲ್ಲಿ ಇರುಕಿಕೊಂಡೇ ಓಡಿಹೋಗಿ ಜನರೇಟರ್ ಹಾಕಿ, ಗಂಟಿನ ಸಮೇತ ವಾಪಸ್ ಬಂದು ಕೂತರು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗಲೂ ಅದು ತೊಡೆಯ ಮೇಲೇ ಇತ್ತು. ಚಿತ್ರಾನ್ನದ ಕೈಯಲ್ಲಿ ಮುಟ್ಟಬಾರದೆಂದು ಎಡಗೈಯಲ್ಲಿ ಹಿಡಿದಿದ್ದರು.

ನಾಲ್ಕು ಗಂಟೆಗೆ ಸರ್ವರ್ ತನ್ನಷ್ಟಕ್ಕೆ ತಾನು ಎದ್ದು ನನ್ನ ಹೆಸರು ಕೇಳಿತು. ಬರೆದೆ. ಒಳಗೆ ಬಿಟ್ಟಿತು! ಮತ್ತೆ ಆರಿಸಿ, ಆ ಎರಡು ಡಿಸ್ಕನ್ನು ಖಾಲಿ ಬಿಟ್ಟಿದ್ದ ಜಾಗಕ್ಕೆ ತಳ್ಳಿ, ಎಬ್ಬಿಸಿದೆವು. ಲಿನಕ್ಸಿನ ಮೇಲೆ ಹಿತ್ತಾಳೆ ಬಿರಡೆಯ ನಕ್ಷೆ ಗೆರೆ ಗೆರೆಯಾಗಿ ತೆರೆದುಕೊಂಡಿತು. ನಾನು ಚಪ್ಪಾಳೆ ತಟ್ಟಿ ಕುಣಿದೇಬಿಟ್ಟೆ. ‘ಬಂದ್ಬುಡ್ತು ಕಣವ್ವ, ಬಂದ್ಬುಡ್ತು!’ ಎಂದು ಅವರೂ ಮೊದಲ ಸಲ ಸಿನಿಮಾ ನೋಡಿದವರಂತೆ ಪರದೆಗೆ ಮುಖ ಅಂಟಿಸಿಕೊಂಡಿದ್ದರು. ಅಷ್ಟು ಖುಷಿಯ ದಿನಗಳು ನನ್ನ ಕೆಲಸದಲ್ಲಿ ಆಮೇಲೆ ಹೆಚ್ಚು ಬರಲಿಲ್ಲ.

ರಜೆ ಮುಗಿದ ದಿನ ಯಜಮಾನರು ಎಲ್ಲರ ಮುಂದೆ ನನ್ನನ್ನು ಹೊಗಳಿದರು. ಬೆಂಗಳೂರಿನಿಂದ ಜನ ಬಂದು ಮಾಡಬೇಕಾದದ್ದನ್ನು ನಮ್ಮ ಹುಡುಗಿ ಒಬ್ಬಳೇ ಮಾಡಿದಳು ಎಂದರು. ಒಬ್ಬಳೇ ಅಲ್ಲ ಸಾರ್, ಎನ್ನಬೇಕಿತ್ತು. ಬಾಯಿ ಬರಲಿಲ್ಲ. ಹೇಳಿದರೆ ಪೂಜೆಯ ಕಥೆ, ಬ್ಯಾಕಪ್ಪಿನ ಕಥೆ ಎಲ್ಲವೂ ಹೊರಗೆ ಬರುತ್ತದೆ, ಪಾಪ ಕರೆಂಟಣ್ಣನ ಮೇಲೂ ಮಾತು ಬರುತ್ತದೆ, ಎಂದು ನೆಪ ಹುಡುಕಿಕೊಂಡೆ. ಅವರು ಹಿಂದೆ ನಿಂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಎರಡು ವರ್ಷದ ನಂತರ ನಿವೃತ್ತರಾದರು. ಅವತ್ತಾದರೂ ಮೈಕು ಹಿಡಿದು ಹೇಳೋಣವೆಂದುಕೊಂಡಿದ್ದೆ... ಹೇಳಲಿಲ್ಲ. ನಾಲ್ಕು ವರ್ಷದ ಹಿಂದೆ ತೀರಿಕೊಂಡರು.

ಕಳೆದ ವಾರ ಸ್ಟೂಲಿನಿಂದ ಎದ್ದು ಸೀದಾ ಯಜಮಾನರ ಕೋಣೆಗೆ ಹೋದೆ. ಅವರಿಗೂ ಈಗ ವಯಸ್ಸಾಗಿದೆ. ಗುಜರಿಯ ಕಾಗದಕ್ಕೆ ಸಹಿ ಹಾಕುತ್ತಿದ್ದವರ ಮುಂದೆ ನಿಂತು, ಅವತ್ತು ಡ್ರಾಯಿಂಗ್ ಉಳಿಸಿದ್ದು ನಾನಲ್ಲ ಸಾರ್, ಕರೆಂಟಣ್ಣ, ಎಂದೆ.

“ಇಲ್ಲಮ್ಮ, ಅವತ್ತಿನದೆಲ್ಲ ನನಗೆ ಗೊತ್ತು,” ಎಂದರು ಅವರು. “ಅವತ್ತು ಸಂಜೇನೇ ಮನೆಗೆ ಬಂದು ಎಲ್ಲಾ ಹೇಳಿದ್ರು. ‘ಪೂಜೆಗೆ ಡಿಸ್ಕ್ ತೆಗೆದು ಅದಲು ಬದಲು ಹಾಕಿದ್ದು ನಾನೇ, ಆ ಮಗು ಕಂಡುಹಿಡಿದು ಉಳಿಸ್ತು, ಇನ್ಮೇಲೆ ಆ ರೂಮಿಗೆ ಬೀಗ ಹಾಕ್ಸಿ’ ಅಂತ. ನಾನು ಕೋಪದಲ್ಲಿ ಅವರಿಗೆ ಎಚ್ಚರಿಕೆಯ ಮೆಮೊ ಕೊಟ್ಟುಬಿಟ್ಟೆ. ಅವರ ಇಡೀ ಸರ್ವೀಸಲ್ಲಿ ಅದೊಂದೇ ಮೆಮೊ.”

ತೆಗೆದದ್ದು ನಾನು ಸಾರ್, ಹಾಕಿದ್ದೂ ನಾನೇ, ಎಂದೆ. ಯಜಮಾನರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆ ಮೆಮೊ ಈಗ ರದ್ದು ಮಾಡೋಕಾಗುತ್ತಾ ಸಾರ್, ಎಂದು ಕೇಳಿದೆ.

“ಮಾಡ್ತೀನಮ್ಮ. ಮಾಡಿ ಯಾರ ಕೈಗೆ ಕೊಡ್ಲಿ?” ಎಂದರು.