ಬಿಸಿಲಿನ ಬೆನ್ನು ಹತ್ತಿದ ಸ್ಟೂಲು

ಕಾಲೇಜಿನ ಜೀವಶಾಸ್ತ್ರ ಪ್ರಯೋಗಾಲಯದ ಅಟೆಂಡರ್ ಇಪ್ಪತ್ತೆರಡು ವರ್ಷಗಳ ಸರ್ವೀಸಿನಲ್ಲಿ ಕಟ್ಟಿದ ಸಾಮ್ರಾಜ್ಯವೆಂದರೆ ಒಂದು ಮರದ ಸ್ಟೂಲು. ಬೆಳಿಗ್ಗೆ ಪೂರ್ವದ ಕಿಟಕಿಯಿಂದ ಹೊರಟ ಅದರ ದಂಡಯಾತ್ರೆ, ಬಿಸಿಲು ಸರಿದಂತೆ ಸರಿದು, ಸಂಜೆಗೆ ಪಶ್ಚಿಮದ ಕಿಟಕಿ ಮುಟ್ಟುತ್ತಿತ್ತು. ಹೊಸದಾಗಿ ಬಂದ ಉಪನ್ಯಾಸಕಿ ಮೇಡಂ ಅದನ್ನು ಎಳೆದಾಡುವ ಕಿರ್ರೆಂಬ ಸದ್ದನ್ನು ಒಂದು ವಾರ ಹಲ್ಲು ಕಚ್ಚಿ ಸಹಿಸಿದರು.

"ಪರೀಕ್ಷೆ ಮುಗೀಲಿ, ಈ ಸ್ಟೂಲು ಗುಜರಿಗೆ!"

ಅಟೆಂಡರ್ ಸ್ಟೂಲಿನ ಮೇಲೆ ಕೂತಲ್ಲೇ ಕಾಲು ನೀವಿಕೊಂಡ. ಆತನ ಮೊಣಕಾಲು ನೋವಿಗೆ ಆ ಬಿಸಿಲೇ ಔಷಧಿ.

ಪರೀಕ್ಷೆಯ ಬೆಳಿಗ್ಗೆ ಮೇಡಂ ಕೊಳದ ನೀರಿನ ಜಾಡಿಯಿಂದ ಹನಿ ಹನಿ ತೆಗೆದು ಸೂಕ್ಷ್ಮದರ್ಶಕದಲ್ಲಿ ಇಣುಕಿದರು. ತೋರಿಸಬೇಕಾದ ಯೂಗ್ಲೀನಾ ಎಂಬ ಹಸಿರು ಏಕಕೋಶ ಜೀವಿ ಒಂದೂ ಇಲ್ಲ. ಪರೀಕ್ಷಕರು ಬರಲು ಎರಡೇ ಗಂಟೆ.

"ಇವೆ ಮೇಡಂ, ಚದುರಿ ಹೋಗಿವೆ ಅಷ್ಟೇ," ಎಂದ ಅಟೆಂಡರ್ ಜಾಡಿಗೆ ಕಪ್ಪು ಕಾಗದ ಸುತ್ತಿ, ಅದರಲ್ಲಿ ಒಂದೇ ತೂತು ಕೊರೆದು ಕಿಟಕಿಯತ್ತ ತಿರುಗಿಸಿಟ್ಟ. ಒಂದೂವರೆ ಗಂಟೆಯಲ್ಲಿ ತೂತಿನ ಹಿಂದೆ ಹಸಿರು ಮಚ್ಚೆ ಮೂಡಿತು. ಅಲ್ಲಿನ ಒಂದೇ ಹನಿಯಲ್ಲಿ ಯೂಗ್ಲೀನಾಗಳು ಚಾವಟಿಯಂಥ ಎಳೆ ಬೀಸುತ್ತಾ ಕಿಕ್ಕಿರಿದಿದ್ದವು.

"ಇದು ನಿಮಗೆ ಹೇಗ್ರೀ ಹೊಳೀತು?"

"ಬೆಳಕಿದ್ದಲ್ಲೇ ಅವಕ್ಕೆ ಅಡುಗೆ, ಮೇಡಂ. ಕತ್ತಲಲ್ಲಿ ಸುಮ್ನೆ ಕೂತ್ರೆ ಉಪವಾಸ. ಅದಕ್ಕೇ ಪಾಪ, ಬೆಳಕು ಹೋದ ಕಡೆ ಓಡ್ತವೆ. ನನ್ನ ಮೊಣಕಾಲಿಗೂ ಅಷ್ಟೇ ಬುದ್ಧಿ."

ಪರೀಕ್ಷಕರು ಒಳಗೆ ಬಂದಾಗ ಮೇಡಂ ಸ್ವತಃ ಬಗ್ಗಿ, ಸ್ಟೂಲನ್ನು ನೆರಳಿನಿಂದ ಬಿಸಿಲಿಗೆ ಎಳೆಯುತ್ತಿದ್ದರು.