ಹೋದ ವರ್ಷದಂತೆ

ಅವರಿಗೆ ಹೆತ್ತವರು ಇಟ್ಟ ಹೆಸರು ಆಡಿಟ್ ಕಚೇರಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಯಾರು ಏನು ಕೇಳಿದರೂ ಅವರದು ಒಂದೇ ಉತ್ತರ: "ಹೋದ್ವರ್ಷ ಏನ್ ಮಾಡಿದ್ವಿ ನೋಡಿ, ಅದನ್ನೇ ಮಾಡಿ." ಹಾಗಾಗಿ ಎಲ್ಲರ ಬಾಯಲ್ಲೂ ಅವರು ಹೋದ್ವರ್ಷ ಸಾರ್. ಫ್ಯಾನನ್ನು ಎಷ್ಟು ಜೋರಾಗಿ ತಿರುಗಿಸಬೇಕು ಎಂಬುದಕ್ಕೂ ಅವರ ಹತ್ತಿರ ಹಳೆಯ ಕಡತ ಇದೆ ಎಂದು ನಗುವವರಿದ್ದರು. ಇದ್ದರೂ ಇದ್ದೀತು.

ಅವರ ಕೆಲಸ ತಾಳೆ ನೋಡುವುದು. ಎಡಗೈ ಬೆರಳು ಹಿಂದಿನ ವರ್ಷದ ಹಾಳೆಯ ಮೇಲೆ, ಬಲಗೈ ಬೆರಳು ಈ ವರ್ಷದ್ದರ ಮೇಲೆ. ಎರಡೂ ಜೋಡೆತ್ತಿನ ಹಾಗೆ ಒಂದೊಂದೇ ಸಾಲು ಇಳಿಯುತ್ತಿದ್ದವು. ಹೊಂದಿದರೆ ಕೆಂಪು ಪೆನ್ಸಿಲಿನ ಟಿಕ್, ಹೊಂದದಿದ್ದರೆ ಕೆಂಪು ಸುತ್ತು. ಹೊಸಬರು ಯಾರಾದರೂ ಹಾಳೆಯಲ್ಲಿ ಏನಿದೆ ಎಂದು ಕಣ್ಣಾಡಿಸಿದರೆ ಹೋದ್ವರ್ಷ ಸಾರ್‌ಗೆ ಮೈಯೆಲ್ಲ ಉರಿಯುತ್ತಿತ್ತು. "ಓದ್ತಾ ಕೂತ್ರೆ ಆಡಿಟ್ ಮುಗಿದ ಹಾಗೇ ಇದೆ! ಓದಬೇಡಿ, ತಾಳೆ ನೋಡಿ."

ವರ್ಷಕ್ಕೊಮ್ಮೆ ಕಾಲೇಜಿಗೆ ಹೋಗಿ 'ಲೆಕ್ಕಪತ್ರ ವೃತ್ತಿಯಲ್ಲಿ ಅವಕಾಶಗಳು' ಎಂದು ಭಾಷಣ ಬಿಗಿಯುತ್ತಿದ್ದರು. ಭಾಷಣವೂ ಹೋದ ವರ್ಷದ್ದೇ. ಬ್ಯಾಂಕು, ಕಾರ್ಖಾನೆ, ತೆರಿಗೆ ಇಲಾಖೆ, ಸ್ವಂತ ಕಚೇರಿ, ಯಾವ ಬಾಗಿಲು ತಟ್ಟಿದರೂ ತೆರೆಯುತ್ತದೆ ಎಂದು ಕೈ ಅಗಲಿಸಿ ತೋರಿಸುತ್ತಿದ್ದರು. "ಈ ಕೆಲಸದಲ್ಲಿ ಕೂತಲ್ಲೇ ಕೂತೋರು ಯಾರೂ ಇಲ್ಲ" ಎಂದು ಮುಗಿಸಿ, ಚಪ್ಪಾಳೆ ತಟ್ಟಿಸಿಕೊಂಡು, ಇಪ್ಪತ್ತೆರಡು ವರ್ಷದಿಂದ ಕೂತ ಕುರ್ಚಿಗೇ ಬಂದು ಕೂರುತ್ತಿದ್ದರು.

ಆಸೆ ಇರಲಿಲ್ಲ ಎಂದಲ್ಲ. ಮೆಟ್ಟಿಲ ಪಕ್ಕದಲ್ಲಿ ಗಾಜಿನ ಬಾಗಿಲಿನ ಮ್ಯಾನೇಜರ್ ಕೋಣೆಯೊಂದಿತ್ತು. ಸದ್ಯ ಅದರಲ್ಲಿ ಹಳೆಯ ಕಡತಗಳೂ ಕಾಲು ಮುರಿದ ಮೂರು ಕುರ್ಚಿಗಳೂ ಅಧಿಕಾರ ನಡೆಸುತ್ತಿದ್ದವು. "ಮುಂದಿನ ವರ್ಷ ಖಾಲಿ ಮಾಡಿಸಿ ನಿಮಗೇ ಕೊಡ್ತೀನಿ" ಎಂದು ಕಚೇರಿಯ ಯಜಮಾನರಾದ ಆಡಿಟರು ಪ್ರತಿ ವರ್ಷ ತಪ್ಪದೆ ಹೇಳುತ್ತಿದ್ದರು. ಅದನ್ನು ನಂಬಿ ಹೆಂಡತಿ ಹನ್ನೊಂದು ವರ್ಷದ ಹಿಂದೆಯೇ ಹಿತ್ತಾಳೆಯ ನಾಮಫಲಕ ಮಾಡಿಸಿದ್ದಳು. ಹಳೇ ಪೇಪರು ಸುತ್ತಿಕೊಂಡು ಅದು ಬಟ್ಟೆ ಬೀರುವಿನಲ್ಲಿ ಕಪ್ಪಗಾಗುತ್ತಿತ್ತು. ಪಾಪ, ಅದನ್ನು ಉಜ್ಜಿ ಉಜ್ಜಿ ಅವಳ ಕೈಯೇ ಸವೆದಿತ್ತು.

ಅವರ ಭಾಷಣಕ್ಕೆ ಮರುಳಾದವಳು ಇಷ್ಟು ವರ್ಷದಲ್ಲಿ ಒಬ್ಬಳೇ, ಅವರ ಮಗಳು. ಓದು ಮುಗಿಸಿ ಅಪ್ಪನ ಕಚೇರಿಗೇ ಸೇರಿದಳು. ಅವಳು ಬಂದ ತಿಂಗಳಲ್ಲೇ ಹಳೆಯ ಟೈಪಿಸ್ಟ್ ನಿವೃತ್ತನಾದ. ನೌಕರರ ವಾರ್ಷಿಕ ವರದಿ ಟೈಪ್ ಮಾಡುವ ಕೆಲಸ ಅವಳ ತಲೆಗೆ ಬಂತು. ಒಬ್ಬೊಬ್ಬರಿಗೆ ಒಂದೊಂದು ಹಾಳೆ. ಗುಟ್ಟು ಕಾಯಲೆಂದು ಅದರ ಮೇಲೆ ಹೆಸರಿಲ್ಲ, ಬರೀ ನಂಬರು. ಯಾವ ನಂಬರು ಯಾರದು ಎಂಬ ಪಟ್ಟಿ ಟೈಪಿಸ್ಟನ ಬೀರುವಿನಲ್ಲಿ.

"ಹಳೇದನ್ನ ನೋಡಿ ಟೈಪ್ ಮಾಡಮ್ಮ. ತಾರೀಖು ಬದಲಾಯಿಸಿದ್ರೆ ಆಯ್ತು" ಎಂದರು ಆಡಿಟರು.

ಹುಡುಗಿಗೆ ಒಂದು ಕೆಟ್ಟ ಚಟವಿತ್ತು. ಓದುತ್ತಿದ್ದಳು. ಪಟ್ಟಿಯ ಪ್ರಕಾರ ಏಳನೇ ನಂಬರು ಅಪ್ಪನದು. "ಹೊಸದಾಗಿ ಮದುವೆಯಾದ ಹುರುಪಿನ ಯುವಕ. ಕೆಲಸ ಅಚ್ಚುಕಟ್ಟು. ಮುಂದಿನ ವರ್ಷ ಮ್ಯಾನೇಜರ್ ಹುದ್ದೆಗೆ ಪರಿಗಣಿಸಬಹುದು." ಅದರ ಹಿಂದಿನ ವರ್ಷದ್ದು ತೆಗೆದಳು. ಹೊಸದಾಗಿ ಮದುವೆಯಾದ ಹುರುಪಿನ ಯುವಕ. ಅದರ ಹಿಂದಿನದೂ ಅದೇ. ಇಪ್ಪತ್ತೆರಡು ಹಾಳೆ, ಇಪ್ಪತ್ತೆರಡು ಸಲ ಹೊಸ ಮದುವೆ! ಆ ಮದುವೆಯಿಂದ ಹುಟ್ಟಿದ ತನಗೇ ಇಪ್ಪತ್ತೊಂದು. ಅವಳಿಗೆ ನಗು ಬಂತು. ಆಮೇಲೆ ಪ್ರತಿ ಹಾಳೆಯ ಮೂಲೆಯಲ್ಲೂ ಅಪ್ಪನದೇ ಕೆಂಪು ಟಿಕ್ ಕಂಡಿತು; ನಗು ಅಲ್ಲಿಗೇ ನಿಂತಿತು.

ಅವಳು ಹಿಂದುಮುಂದು ನೋಡದೆ ಹೊಸ ಹಾಳೆ ಟೈಪ್ ಮಾಡಿದಳು. "ಇಪ್ಪತ್ತೆರಡು ವರ್ಷದ ಅನುಭವಿ. ಈ ತಿಂಗಳಿಂದಲೇ ಮ್ಯಾನೇಜರ್. ಗಾಜಿನ ಬಾಗಿಲಿನ ಕೋಣೆ ತಕ್ಷಣ ಬಿಡಿಸಿಕೊಡುವುದು." ಅದನ್ನು ಉಳಿದ ಹಾಳೆಗಳ ನಡುವೆ ತೂರಿಸಿ ಆಡಿಟರ ಮುಂದಿಟ್ಟಳು. ಅವರು ಫೋನಿನಲ್ಲಿ ಯಾರನ್ನೋ ಗದರಿಸುತ್ತ, ಕಣ್ಣೆತ್ತದೆ, ಎಲ್ಲಕ್ಕೂ ಸಹಿ ಗೀಚಿದರು. ಇನ್ನೇನು, ಅಮ್ಮನಿಗೆ ಫೋನ್ ಮಾಡಿ ಫಲಕ ಉಜ್ಜಿಡು ಎನ್ನುವುದೊಂದೇ ಬಾಕಿ.

ಆದರೆ ಸಹಿಯಾದ ಹಾಳೆ ಬೀರು ಸೇರುವ ಮೊದಲು ತಾಳೆಗೆ ಹೋಗಬೇಕು. ಅದು ಅವಳಿಗೆ ಹೊಳೆದದ್ದು ಅಪ್ಪ ಏಳನೇ ನಂಬರು ಹಿಡಿದು ದಡಬಡ ಎದ್ದಾಗ. ಓಡಿದಳು. ಅಷ್ಟರಲ್ಲಿ ಅವರು ಆಡಿಟರ ಕೋಣೆಯಲ್ಲಿ ನಿಂತಿದ್ದರು. ಹಾಳೆಯ ತುಂಬ ಕೆಂಪು ಸುತ್ತು. ಕೆಳಗೆ ಒಂದು ಷರಾ: "ಹೋದ ವರ್ಷದ್ದಕ್ಕೆ ಹೊಂದುತ್ತಿಲ್ಲ."

ಆಡಿಟರು ಮೊದಲ ಬಾರಿಗೆ ಆ ಹಾಳೆಯನ್ನು ಓದಿದರು. ಓದಿ, ಎದುರಿಗಿದ್ದವರ ಮುಖ ನೋಡಿದರು. ಆಡಿಟರು ಘಾಟಿ ಆಸಾಮಿ, ಯಾರ ಹಾಳೆ ಎಂದು ಬಾಯಿ ಬಿಡಲಿಲ್ಲ.

"ಸದ್ಯ, ನೀವಿದ್ರಿ! ಇಲ್ಲದಿದ್ರೆ ಯಾರೋ ಮ್ಯಾನೇಜರ್ ಆಗಿ ಅನಾಹುತ ಆಗ್ತಿತ್ತು. ನಿಮ್ಮಂಥೋರಿಂದ್ಲೇ ಕಚೇರಿ ನಿಂತಿರೋದು" ಎಂದು ಹಾಳೆ ಹರಿದರು. "ಮುಂದಿನ ವರ್ಷ ನಿಮ್ಮ ವಿಷಯ ಖಂಡಿತ ನೋಡೋಣ."

ಹೋದ್ವರ್ಷ ಸಾರ್ ಬೀಗುತ್ತ ಹೊರಬಂದರು. "ನೋಡಿದ್ಯಾ? ಸಾಹೇಬ್ರು ಬಾಯ್ತುಂಬ ಹೊಗಳಿದ್ರು. ಯಾವನೋ ಸಂದೀಲಿ ಮ್ಯಾನೇಜರ್ ಆಗೋಕೆ ಹೊರಟಿದ್ದ. ನನ್ನ ಕಣ್ಣು ತಪ್ಪಿಸೋಕಾಗತ್ತಾ?"

ಮಗಳು ಸಿಟ್ಟಿನಿಂದ ಬೆನ್ನು ತಿರುಗಿಸಿದಳು. ತನ್ನ ಮೇಜಿಗೆ ಹೋಗಿ ಒಂದು ಕಾಗದ ಟೈಪ್ ಮಾಡಿದಳು, ಎರಡು ಪ್ರತಿ. ಒಂದಕ್ಕೆ ಸಹಿ ಹಾಕಿ ಆಡಿಟರಿಗೆ ಕೊಟ್ಟು ಬಂದಳು. ಇನ್ನೊಂದನ್ನು, ಹಳೆಯ ಇಪ್ಪತ್ತೆರಡು ಹಾಳೆಗಳ ಜೊತೆ, ಅಪ್ಪನ ಮುಂದಿಟ್ಟಳು.

"ಏಳನೇ ನಂಬರು ನಿಮ್ದಪ್ಪ" ಎಂದಳು. "ಇದರಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟಿದೀನಿ. ನಿಮ್ಮದು ಹಾಕಿದ್ರೆ ಆಯ್ತು." ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದಳು.

ಅವರು ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಅಭ್ಯಾಸಬಲದಿಂದ ಬಲಗೈ ಬೆರಳು ಕಾಗದದ ಮೊದಲ ಸಾಲಿಗೆ ಹೋಯಿತು: "ಈ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದವರೂ ಹೊಸದಾಗಿ ಮದುವೆಯಾದ ಯುವಕರಾಗಿಯೇ ಉಳಿಯುತ್ತಾರೆ. ಮುಂದಿನ ವರ್ಷಕ್ಕೆ ಕಾಯಲು ನನ್ನಿಂದಾಗದು. ಕೆಲಸ ಬಿಡುತ್ತಿದ್ದೇನೆ." ಎಡಗೈ ಬೆರಳು ಮೇಜಿನ ಮೇಲೆ ಹೋದ ವರ್ಷದ್ದನ್ನು ತಡಕಾಡಿತು. ಇಂಥ ಕಾಗದಕ್ಕೆ ಹೋದ ವರ್ಷದ್ದು ಇರಲಿಲ್ಲ. ಬೇರೆ ದಾರಿ ಕಾಣದೆ ಅವರು ಅದನ್ನು ಓದತೊಡಗಿದರು.